ಊಟದ ಮೇಜಿನ ಮೇಲೆ ಮೂರು ರಿವಾಲ್ವರುಗಳು

ಕಾರ್ಕಳದ ನಮ್ಮ ಮನೆಯಲ್ಲಿ ಭಾನುವಾರ ಮಧ್ಯಾಹ್ನದ ಊಟ ತಡವಾಗುತ್ತಿತ್ತು. ಅಡುಗೆ ತಡವಾದ ಕಾರಣದಿಂದಲ್ಲ, ಊಟದ ಮೇಜು ತೆರವಾಗದ ಕಾರಣದಿಂದ ಎಂಬುದನ್ನು ಆರಂಭದಲ್ಲಿಯೇ ಸ್ಪಷ್ಟಪಡಿಸುವುದು ಸೂಕ್ತವೆಂದು ಭಾವಿಸುತ್ತೇನೆ. ಅಮ್ಮ ಕುಚ್ಚಲಕ್ಕಿಯ ಗಂಜಿ ಬಸಿದು, ಬಂಗುಡೆ ಸಾರನ್ನು ಒಲೆಯಿಂದ ಇಳಿಸಿ, ಬಾಗಿಲಿನಲ್ಲಿ ನಿಂತಿರುತ್ತಿದ್ದರು. ಮೇಜಿನ ಮೇಲೆ ಹಳೆಯ ದಿನಪತ್ರಿಕೆಗಳನ್ನು ಹಾಸಿ, ಅದರ ಮೇಲೆ ಅಪ್ಪ ತಮ್ಮ ಮೂರು ರಿವಾಲ್ವರುಗಳನ್ನು ಬಿಚ್ಚಿ ಇಟ್ಟಿರುತ್ತಿದ್ದರು. ಮಗಳಾದ ನಾನು ಅವರ ಎದುರಿನ ಕುರ್ಚಿಯಲ್ಲಿ, ಮಂಡಿಯೂರಿ, ಮೊಣಕೈಗಳನ್ನು ಮೇಜಿನ ಅಂಚಿಗೆ ಒತ್ತಿ ಕುಳಿತಿರುತ್ತಿದ್ದೆ. ಅಪ್ಪ ಊರಿನ ಗೇರುಬೀಜದ ಕಾರ್ಖಾನೆಯೊಂದರಲ್ಲಿ ಮೇಲ್ವಿಚಾರಕರಾಗಿದ್ದರು. ವಾರದ ಆರು ದಿನ ಅವರು ನಾನು ಏಳುವ ಮುನ್ನ ಹೊರಟು, ನಾನು ಪುಸ್ತಕ ಮಡಚುವ ಹೊತ್ತಿಗೆ ಬರುತ್ತಿದ್ದರು. ಅವರ ಅಂಗಿಯಿಂದ ಸುಟ್ಟ ಗೇರುಸಿಪ್ಪೆಯ ವಾಸನೆ ಬರುತ್ತಿತ್ತು. ಬಂದವರು ಸ್ನಾನ ಮಾಡಿ, ಉಂಡು, ಜಗಲಿಯ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕುಳಿತುಕೊಳ್ಳುತ್ತಿದ್ದರು. ಅವರು ನನ್ನೊಡನೆ ಮಾತನಾಡುತ್ತಿದ್ದುದು ಭಾನುವಾರ, ಈ ಮೇಜಿನಲ್ಲಿ ಮಾತ್ರ. ನಾವು ಮನೆಯಲ್ಲಿ ಆಡುತ್ತಿದ್ದುದು ತುಳು. ಓದುವವರ ಅನುಕೂಲಕ್ಕಾಗಿ ಮಾತುಗಳನ್ನು ಇಲ್ಲಿ ಕನ್ನಡದಲ್ಲಿ ನಮೂದಿಸಿದ್ದೇನೆ.

ಮೂರೂ ಹಳೆಯ ಸೈನ್ಯದ ರಿವಾಲ್ವರುಗಳು. ಬೆನ್ನಿನ ಮೇಲಿನ ಕೊಂಡಿಯನ್ನು ಹೆಬ್ಬೆರಳಿನಿಂದ ಒತ್ತಿದರೆ ನಳಿಗೆ ಮುಂದಕ್ಕೆ ಬಾಗಿ, ಇಡೀ ಆಯುಧ ನಡುವಿನಲ್ಲಿ ಮಡಚಿಕೊಂಡು, ಗುಂಡು, ಮದ್ದು ಕೂಡಿದ ತೋಟೆಗಳನ್ನು ತುಂಬುವ ಆರು ಮನೆಗಳು ಹೊರಗೆ ಕಾಣುತ್ತಿದ್ದವು. ಹಿಡಿಯ ಬುಡದಲ್ಲಿ ಸೊಂಟದ ಹಗ್ಗ ಕಟ್ಟಿಕೊಳ್ಳಲು ಒಂದು ಬಳೆ ಇತ್ತು, ಮೈಮೇಲೆ ಚಿಕ್ಕ ಬಾಣದ ಗುರುತು ಒತ್ತಿತ್ತು. ಅವುಗಳನ್ನು ಮಾಡಿದ ಕಂಪೆನಿಯ ಹೆಸರನ್ನು ಅಪ್ಪ ಎಂದೂ ಹೇಳುತ್ತಿರಲಿಲ್ಲ. ಎಲ್ಲಿಂದ ಬಂದದ್ದೋ ಅದೇ ಅದರ ಹೆಸರು. ಮೊದಲನೆಯದು ಮಾಮನದು, ಎರಡನೆಯದು ಮಣಿಪಾಲದ್ದು, ಮೂರನೆಯದು ಕಾಪುವಿನದು. ಮಾಮ ಎಂದರೆ ಅಪ್ಪನ ತಾಯಿಯ ಅಣ್ಣ. ಅವರು ಬರ್ಮಾದ ಯುದ್ಧಕ್ಕೆ ಹೋಗಿ ಬಂದವರು, ನಾನು ಹುಟ್ಟುವ ಮೊದಲೇ ತೀರಿಕೊಂಡಿದ್ದರು. ಮಣಿಪಾಲದ್ದು ಸೈನ್ಯದಿಂದ ನಿವೃತ್ತರಾಗಿ ಅಲ್ಲಿ ನೆಲೆಸಿದ್ದ ಒಬ್ಬ ವೈದ್ಯರಿಂದ ಬಂದದ್ದು. ಕಾಪುವಿನದನ್ನು ತರುವಾಗ ನಾನೂ ಜೊತೆಗಿದ್ದೆನಾದ್ದರಿಂದ ಆ ಕುರಿತು ಖಚಿತವಾಗಿ ಬರೆಯಬಲ್ಲೆ.

ಅದು ಹೆದ್ದಾರಿಯಿಂದ ಕಡಲಿನ ಕಡೆಗೆ ಇಳಿಯುವ ದಾರಿಯಲ್ಲಿದ್ದ ಕೊಂಕಣಿ ಕ್ರೈಸ್ತರ ಮನೆ. ಆ ಮನೆಯ ಯಜಮಾನರು ತೀರಿಕೊಂಡು, ಗಂಡುಮಕ್ಕಳೆಲ್ಲ ಗಲ್ಫಿನಲ್ಲಿದ್ದರು. ಲೈಸೆನ್ಸನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಯಾರಿಗೂ ಇಷ್ಟವಿರಲಿಲ್ಲ. ಪ್ರತಿ ಚುನಾವಣೆಗೂ ರಿವಾಲ್ವರನ್ನು ಠಾಣೆಗೆ ಒಪ್ಪಿಸಿ, ಚುನಾವಣೆ ಮುಗಿದ ಮೇಲೆ ಮರಳಿ ತರುವ ಕೆಲಸ ಮನೆಯ ಹಿರಿಯಾಕೆಯ ಮೇಲೆ ಬಿದ್ದಿತ್ತು. ಎಲ್ಲರೂ ಅವರನ್ನು ಬಾಯಮ್ಮ ಎನ್ನುತ್ತಿದ್ದರು. ಬಾಯಮ್ಮ ಅದನ್ನು ಬಟ್ಟೆಯ ಚೀಲದಿಂದ ತೆಗೆದು, ಮೀನು ಹಿಡಿದಂತೆ ಎರಡು ಬೆರಳುಗಳಲ್ಲಿ ಬಾಲದ ಕಡೆಯಿಂದ ಎತ್ತಿ ಅಪ್ಪನ ಮುಂದೆ ಇಟ್ಟರು.

"ಇದನ್ನು ತೆಗೆದುಕೊಂಡು ಹೋಗಿ ಮಾರಾಯ್ರೆ. ಸ್ಟೇಷನ್ನಿನವರಿಗೆ ನನ್ನ ಮುಖ ಬಾಯಿಪಾಠ ಆಗಿದೆ. 'ಬಾಯಮ್ಮಾ, ಈ ಸಲ ಯಾರನ್ನು ಹೊಡೆಯುವುದು?' ಅಂತ ಕೇಳುತ್ತಾರೆ, ಆ ಪೋಕರಿಗಳು."

"ಇದು ಒಳ್ಳೆಯ ಸ್ಥಿತಿಯಲ್ಲಿ ಉಂಟು," ಎಂದರು ಅಪ್ಪ.

"ನನ್ನ ಮೊಣಕಾಲಿಗಿಂತ ಒಳ್ಳೆಯ ಸ್ಥಿತಿಯಲ್ಲಿ ಉಂಟು. ನಿಮಗೆ ಎಂತಕ್ಕೆ ಅದು? ಇದರಲ್ಲಿ ಹಂದಿ ಸಹ ಸಾಯುವುದಿಲ್ಲ. ನಮ್ಮವರು ಒಮ್ಮೆ ತೆಂಗಿನಕಾಯಿಗೆ ಗುರಿ ಇಟ್ಟು ನೆರೆಮನೆಯ ಹಂಚು ಒಡೆದಿದ್ದರು."

"ಕೊಲ್ಲಲಿಕ್ಕೆ ಅಲ್ಲ, ಬಾಯಮ್ಮಾ. ಇಡಲಿಕ್ಕೆ."

"ಇಡಲಿಕ್ಕಾ?" ಬಾಯಮ್ಮ ನನ್ನನ್ನು ನೋಡಿದರು. "ಮಗಾ, ನಿನ್ನ ಅಪ್ಪನಿಗೆ ಮನೆಯಲ್ಲಿ ಇಡಲಿಕ್ಕೆ ಬೇರೆ ಎಂತದೂ ಸಿಗಲಿಲ್ಲವಾ?"

ಅನುಮತಿಯ ಕಾಗದಗಳೆಲ್ಲ ಕ್ರಮಪ್ರಕಾರ ಆಗಿ ರಿವಾಲ್ವರು ನಮ್ಮ ಮನೆಗೆ ಬರುವಾಗ ಒಂದು ಮಳೆಗಾಲ ಕಳೆದಿತ್ತು. ಅದು ಬಂದ ದಿನ ಅಪ್ಪ ಮೂರನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟು, ಕುರ್ಚಿಯನ್ನು ಹಿಂದಕ್ಕೆ ಸರಿಸಿ ದೂರದಿಂದ ನೋಡಿದರು. ಅವರ ಮುಖದಲ್ಲಿ ನಾನು ಬೇರೆ ದಿನಗಳಲ್ಲಿ ಕಾಣದ ಒಂದು ಸಡಿಲಿಕೆ ಇತ್ತು. ಅದು ನನಗೆ ಚೆನ್ನಾಗಿ ನೆನಪಿದೆ.

ಭಾನುವಾರದ ಕೆಲಸದಲ್ಲಿ ನನ್ನ ಪಾಲು ನಿಗದಿಯಾಗಿತ್ತು. ಅಪ್ಪ ಉಡಿದಾರದಲ್ಲಿದ್ದ ಕೀಲಿಯಿಂದ ಒಳಕೋಣೆಯ ಕಪಾಟನ್ನು ತೆರೆದು, ಮೈ ಒರೆಸುವ ಬೈರಾಸಿನಲ್ಲಿ ಸುತ್ತಿದ್ದ ರಿವಾಲ್ವರುಗಳನ್ನು ಒಂದೊಂದಾಗಿ ತರುವರು. ಪ್ರತಿಯೊಂದನ್ನೂ ಮಡಚಿ, ಆರು ಮನೆಗಳೂ ಖಾಲಿ ಇವೆಯೆಂದು ತಾವು ನೋಡಿ, ನಂತರ ನನಗೆ ತೋರಿಸುವರು. ನಾನು 'ಖಾಲಿ' ಎಂದು ಬಾಯಿಬಿಟ್ಟು ಹೇಳಿದ ಮೇಲೆಯೇ ಮುಂದಿನ ಕೆಲಸ. ಹೊಲಿಗೆ ಯಂತ್ರದ ಎಣ್ಣೆ, ಹಳೆಯ ಬನಿಯನಿನ ತುಂಡುಗಳು, ತುದಿಗೆ ಬಟ್ಟೆ ಸಿಕ್ಕಿಸಿದ ಮರದ ಕೋಲು, ಇವಿಷ್ಟು ಸಾಮಗ್ರಿ. ಅಪ್ಪ ನಳಿಗೆಯನ್ನು ಒರೆಸಿ ಮುಗಿಸಿದ ಬಳಿಕ ಅದನ್ನು ಪೂರ್ವದ ಕಿಟಕಿಯ ಕಡೆಗೆ ಎತ್ತಿ ಹಿಡಿದು ಒಳಗೆ ನೋಡಿ ಹೇಳುವುದು ನನ್ನ ಜವಾಬ್ದಾರಿ. ಅವರಿಗೆ ಹತ್ತಿರದ್ದು ಸರಿಯಾಗಿ ಕಾಣುತ್ತಿರಲಿಲ್ಲ. ಕನ್ನಡಕ ಮಾಡಿಸಿಕೊಳ್ಳುವುದಕ್ಕೆ ಅವರು ಒಪ್ಪಿಯೂ ಇರಲಿಲ್ಲ.

"ಬೆಳಕು ಕಾಣುತ್ತದಾ?"

"ಕಾಣುತ್ತದೆ."

"ದುಂಡಗೆ ಉಂಟಾ, ಅಂಚು ಒಡೆದ ಹಾಗೆ ಉಂಟಾ?"

"ದುಂಡಗೆ. ಒಳಗೆ ಸುರುಳಿ ಸುರುಳಿ ಗೆರೆ ಉಂಟು. ಒಂದು ಗೆರೆಯ ಹತ್ತಿರ ಕಪ್ಪು ಚುಕ್ಕಿ ಉಂಟು."

"ಎಷ್ಟು ದೂರದಲ್ಲಿ?"

"ನನ್ನ ಕಿರುಬೆರಳು ಹೋಗುವಷ್ಟು ದೂರದಲ್ಲಿ."

ಅಪ್ಪ ಅಲ್ಲಿಗೆ ಪುನಃ ಕೋಲು ಹಾಕುವರು. ನಾನು ಪುನಃ ನೋಡುವೆನು. ಈ ಮಾತುಕತೆಯಲ್ಲಿ ವಿಶೇಷವೇನೂ ಇಲ್ಲವೆಂದು ಓದುವವರಿಗೆ ತೋರಬಹುದು. ಇದಕ್ಕಿಂತ ಹೆಚ್ಚಿನ ಮಾತು ನಮ್ಮಿಬ್ಬರ ನಡುವೆ ಇರಲಿಲ್ಲ. ಶಾಲೆಯಲ್ಲಿ ಇತರ ಮಕ್ಕಳು ತಮ್ಮ ತಂದೆ ಹೀಗೆ ಹೇಳಿದರು, ಹಾಗೆ ಹೇಳಿದರು ಎನ್ನುವಾಗ, ನನ್ನ ಅಪ್ಪನೂ ನನ್ನೊಡನೆ ಮಾತನಾಡುತ್ತಾರೆ ಎಂದು ನನಗೆ ನಾನೇ ಹೇಳಿಕೊಳ್ಳಲು ಇಷ್ಟು ಸಾಕಾಗುತ್ತಿತ್ತು.

ಅಮ್ಮ ಕಡಲ ಬದಿಯ ಎರ್ಮಾಳಿನವರು, ನಗುತ್ತಲೇ ಚುಚ್ಚುವ ಸ್ವಭಾವದವರು. ಅವರಿಗೆ ರಿವಾಲ್ವರುಗಳ ಮೇಲೆ ಭಯವಿರಲಿಲ್ಲ, ಮೇಜಿನ ಮೇಲೆ ಹಕ್ಕು ಇತ್ತು.

"ಊಟದ ಮೇಜಿನ ಮೇಲೆ ಬೆಡಿ ಇಟ್ಟರೆ ದೇವರ ಕೋಣೆಯಲ್ಲಿ ಎಂತ ಇಡುವುದು, ಬಂಗುಡೆಯಾ?" ಎಂದು ಅವರು ಬಾಗಿಲಿನಿಂದಲೇ ಕೇಳುತ್ತಿದ್ದರು. ಕೋವಿಗೆ ನಮ್ಮಲ್ಲಿ ಬೆಡಿ ಎನ್ನುತ್ತಾರೆ.

"ಐದು ನಿಮಿಷ," ಎನ್ನುವರು ಅಪ್ಪ.

"ನಿಮ್ಮ ಐದು ನಿಮಿಷಕ್ಕೆ ಎಷ್ಟು ಗಂಟೆ? ಸಾರಿನಲ್ಲಿ ಬಂಗುಡೆ ಎರಡನೆಯ ಸಲ ಸಾಯುತ್ತಾ ಉಂಟು."

ತೋಟೆಗಳ ಸಂಗತಿಯನ್ನು ಇಲ್ಲಿಯೇ ತಿಳಿಸುವುದು ಅವಶ್ಯ. ಈ ರಿವಾಲ್ವರುಗಳಿಗೆ ಹೊಂದುವ ತೋಟೆಗಳು ಆಗಲೇ ಸಿಗುವುದು ಅಪರೂಪವಾಗಿತ್ತು. ಇದ್ದವು ಬಹುತೇಕ ಮಾಮನ ಕಾಲದವು. ನಮ್ಮ ಕಡೆ ಮಳೆಗಾಲದಲ್ಲಿ ಚಪ್ಪಲಿಗೂ ಬೂಸಲು ಬರುತ್ತದೆ. ಒಣಗಿರಬೇಕಾದದ್ದೆಲ್ಲ ಅಡುಗೆಮನೆಯ ಒಲೆಯ ಮೇಲಿನ ಅಟ್ಟಕ್ಕೆ ಹೋಗುತ್ತದೆ. ಹಪ್ಪಳ, ಉಪ್ಪುಮೀನು, ಪುನರ್ಪುಳಿಯ ಸಿಪ್ಪೆ, ಬೇಯಿಸಿ ಒಣಗಿಸಿದ ಹಲಸಿನ ಬೀಜ, ಬಿತ್ತನೆಯ ಬೀಜ, ಎಲ್ಲವೂ ಅಲ್ಲಿಯೇ. ಮಾಮನ ಮನೆಯಲ್ಲಿ ತೋಟೆಗಳ ಡಬ್ಬಿಯೂ ಅಲ್ಲಿಯೇ ಇರುತ್ತಿತ್ತಂತೆ. ಅಪ್ಪ ಆ ಪದ್ಧತಿಯನ್ನು ಯಥಾವತ್ತಾಗಿ ಮುಂದುವರಿಸಿದ್ದರು. ಕೆಳಗೆ ವರ್ಷವಿಡೀ ಬೆಂಕಿ, ಮೇಲೆ ತೋಟೆ. ತಂಪು ತಾಗಬಾರದು ಎಂಬುದಷ್ಟೇ ಎಲ್ಲರಿಗೂ ತಿಳಿದಿತ್ತು. ಬಿಸಿಯೂ ತಾಗಬಾರದು ಎಂದು ಯಾರೂ ಹೇಳಿರಲಿಲ್ಲ.

ವರ್ಷಕ್ಕೊಮ್ಮೆ ಮಾತ್ರ ಅಪ್ಪ ಗುಂಡು ಹಾರಿಸುತ್ತಿದ್ದರು, ಅದೂ ಕೆಡ್ಡಸದಲ್ಲಿ. ಕೆಡ್ಡಸವೆಂದರೆ ತುಳುವರ ಪೊನ್ನಿ ತಿಂಗಳ ಕೊನೆಗೆ ಬರುವ ಮೂರು ದಿನ. ಭೂಮಿತಾಯಿ ಮುಟ್ಟಾಗುವ ದಿನಗಳೆಂದು ನಂಬಿಕೆ. ಆಗ ನೆಲ ಅಗೆಯಬಾರದು, ಹಾರೆ ಹಾಕಬಾರದು, ಗುದ್ದಲಿ ಮುಟ್ಟಬಾರದು. ಅದೇ ದಿನಗಳಲ್ಲಿ ಗಂಡಸರು ಬೇಟೆಗೆ ಹೋಗುವ ಕ್ರಮವೂ ಹಿಂದೆ ಇತ್ತು. ಬೇಟೆ ನಿಂತ ಮೇಲೆ ಮಾಮ ಒಂದು ನಿಯಮ ಮಾಡಿಕೊಂಡಿದ್ದರು. ಕೆಡ್ಡಸದ ನಡುವಿನ ದಿನ ಮನೆಯ ಬೆಡಿ ಒಮ್ಮೆ ಮಾತನಾಡಬೇಕು, ಇಲ್ಲದಿದ್ದರೆ ಅದು ಮೂಕವಾಗುತ್ತದೆ. ದೇವಸ್ಥಾನಕ್ಕೆ ಕರೆದರೂ ಹೋಗದ ಅಪ್ಪ ಈ ನಿಯಮವನ್ನು ತಪ್ಪಿಸಿದವರಲ್ಲ. ನಮ್ಮ ಮನೆಯ ಹಿಂದೆ ಕೆಂಪುಕಲ್ಲು ಕಡಿದು ಬಿಟ್ಟ ಒಂದು ಕೋರೆ ಇತ್ತು. ಅದರ ಗೋಡೆಗೆ ನೇರವಾಗಿ ಹೊಡೆದರೆ ಆ ದಿನಗಳಲ್ಲಿ ಭೂಮಿಯ ಮೈಗೆ ಹೊಡೆದಂತಾಗುತ್ತದೆ ಎಂದು ತೆಂಗಿನ ಕಾಂಡಗಳನ್ನು ತಂದು ಆಳೆತ್ತರಕ್ಕೆ ಅಡ್ಡವಾಗಿ ಪೇರಿಸಿ, ಅವುಗಳ ಮುಂದೆ ಗೆರಟೆಗಳನ್ನು, ಅಂದರೆ ತೆಂಗಿನ ಚಿಪ್ಪುಗಳನ್ನು, ಇಟ್ಟು ಹೊಡೆಯುತ್ತಿದ್ದರು. ನಾನು ಅವರ ಹಿಂದೆ, ಕಿವಿಗೆ ಹತ್ತಿ ಇಟ್ಟುಕೊಂಡು ನಿಲ್ಲಬೇಕು. ಎಷ್ಟು ಗೆರಟೆ ಬಿತ್ತೆಂದು ಹೇಳಬೇಕು. ಮನೆಗೆ ಮರಳಿದ ಕೂಡಲೇ ನಳಿಗೆಗಳಿಗೆ ಕುದಿಯುವ ನೀರು ಹೊಯ್ಯಬೇಕು. ಹಳೆಯ ತೋಟೆಗಳ ಮಸಿ ಒಳಗೇ ಉಳಿದರೆ ಮರುದಿನಕ್ಕೆ ತುಕ್ಕು ಹಿಡಿಯುತ್ತದೆ.

ನಾನು ಆರನೆಯ ತರಗತಿಯಲ್ಲಿದ್ದಾಗ ಮಾಮಿ ಪೆರ್ಡೂರಿನಿಂದ ಬಸ್ಸಿನಲ್ಲಿ ಬಂದರು. ಅಪ್ಪನ ಅಕ್ಕನನ್ನು ನಾವು ಮಾಮಿ ಎನ್ನುತ್ತೇವೆ. ಅಪ್ಪನ ಕುಟುಂಬದ ಮನೆ ಅವರ ಕೈಯಲ್ಲಿತ್ತು. ಅವರ ಮಗ ಸುಧೀರ ಆಗ ಉಡುಪಿಯಲ್ಲಿ ಕಾಲೇಜು ಮುಗಿಸಿ, ಮನೆಯ ಗದ್ದೆ ನೋಡಿಕೊಳ್ಳುತ್ತಿದ್ದ. ನಮ್ಮ ಸಮುದಾಯದಲ್ಲಿ ಹಿಂದಿನಿಂದ ನಡೆದುಬಂದ ಕ್ರಮವನ್ನು ತಿಳಿಯದವರಿಗಾಗಿ ಹೇಳುವುದಾದರೆ, ಮಾಮನ, ಅಂದರೆ ತಾಯಿಯ ಸೋದರನ, ಸೊತ್ತು ಅವನ ಮಗನಿಗೆ ಹೋಗುವುದಲ್ಲ, ಅವನ ಸೋದರಿಯ ಮಗನಿಗೆ ಹೋಗುವುದು. ಕಾನೂನು ಬದಲಾಗಿ ಬಹಳ ಕಾಲವಾಗಿದ್ದರೂ ಕೆಲವು ವಸ್ತುಗಳ ವಿಷಯದಲ್ಲಿ ಮನಸ್ಸುಗಳು ಬದಲಾಗಿರಲಿಲ್ಲ. ಮಾಮಿ ಚಾ ಕುಡಿದು, ಎಲೆಯಡಿಕೆ ಹಾಕಿಕೊಂಡು, ವಿಷಯಕ್ಕೆ ಬಂದರು.

"ನಾನು ಜಗಳಕ್ಕೆ ಬಂದವಳಲ್ಲ, ತಮ್ಮಾ. ಸುಧೀರ ಪ್ರಾಯಕ್ಕೆ ಬಂದ. ಮಾಮನ ಬೆಡಿ ಮಾಮನಿಂದ ನಿನಗೆ ಬಂತು. ನಿನ್ನಿಂದ ಅದು ಎಲ್ಲಿಗೆ ಹೋಗಬೇಕು, ನೀನೇ ಹೇಳು."

"ಮನೆಗೆ," ಎಂದರು ಅಪ್ಪ.

"ಯಾವ ಮನೆಗೆ?"

"ನಮ್ಮ ಮನೆಗೆ. ಪೆರ್ಡೂರಿಗೆ."

ಅಮ್ಮ ಅಡುಗೆಮನೆಯಿಂದ ಹೊರಗೆ ಬಂದರು. "ಹಾಗಾದರೆ ಇದು ಎಂತ, ಲಾಡ್ಜಾ?"

"ನೀನು ಸಿಟ್ಟು ಮಾಡಬೇಡ," ಎಂದರು ಮಾಮಿ. "ನಿನ್ನ ಮಗಳಿಗೆ ಅವಳ ತಾಯಿಮನೆಯದ್ದು ಉಂಟಲ್ಲ."

"ಉಂಟು, ಉಂಟು. ಎರ್ಮಾಳಿನಲ್ಲಿ ಒಂದು ಒರಳುಕಲ್ಲು ಉಂಟು. ಚುನಾವಣೆ ಬಂದಾಗ ಅದನ್ನು ಸ್ಟೇಷನ್ನಿಗೆ ಹೊತ್ತುಕೊಂಡು ಹೋಗುತ್ತಾಳೆ."

ಮಾಮಿಗೂ ನಗು ಬಂತು. ಅಪ್ಪ ನಗಲಿಲ್ಲ. ಸುಧೀರನ ಲೈಸೆನ್ಸಿನ ಅರ್ಜಿಯೂ ವರ್ಗಾವಣೆಯ ಅರ್ಜಿಯೂ ಒಟ್ಟಿಗೆ ಹೋಗಲಿ ಎಂದಷ್ಟೇ ಹೇಳಿದರು. ಮಾಮಿ ಕೇಳಿದ್ದು ಮಾಮನದನ್ನು ಮಾತ್ರ. ಬೇರೆ ಎರಡು ಅಪ್ಪ ತಾವೇ ಕೊಂಡವಾಗಿದ್ದು, ಅವುಗಳ ಮೇಲೆ ಯಾರ ತಕರಾರೂ ಇರಲಿಲ್ಲ. ಆ ಸಂಜೆ ಅಪ್ಪ ಜಗಲಿಯಲ್ಲಿ ಒಬ್ಬರೇ ಇದ್ದಾಗ ನಾನು ಹೋಗಿ ನಿಂತೆ. ಭಾನುವಾರದ ಹೊರತು ನಾನಾಗಿ ಅವರಲ್ಲಿ ಮಾತು ತೆಗೆದದ್ದು ಅದೇ ಮೊದಲು.

"ಅಪ್ಪಾ, ಇನ್ನೆರಡು ನಮ್ಮಲ್ಲೇ ಇರುತ್ತದೆ ಅಲ್ವಾ?"

"ಅದು ನನ್ನದು. ಅದನ್ನು ಯಾರು ಕೇಳುತ್ತಾರೆ?"

ನನಗೆ ಸಮಾಧಾನವಾಯಿತು. ಎರಡು ರಿವಾಲ್ವರುಗಳಾದರೂ ಮೇಜು ತುಂಬುತ್ತದೆ, ಎರಡು ನಳಿಗೆಗಳಾದರೂ ಕಿಟಕಿಗೆ ಹಿಡಿದು ನೋಡಬೇಕಾಗುತ್ತದೆ. ಭಾನುವಾರ ಸ್ವಲ್ಪ ಬೇಗ ಮುಗಿಯಬಹುದು, ಆದರೆ ಇರುತ್ತದೆ. ಹೀಗೆಂದು ನಾನು ಮಲಗುವ ಮೊದಲು ದಿನವೂ ನನ್ನೊಳಗೆ ದೃಢಪಡಿಸಿಕೊಳ್ಳುತ್ತಿದ್ದೆ.

ಆ ವರ್ಷದ ಕೆಡ್ಡಸಕ್ಕೆ ಸುಧೀರ ಬಾವ ಒಬ್ಬನೇ ಬಂದ. ಮಾಮಿಗೆ ಭೂಮಿಯ ಸ್ನಾನಕ್ಕೆ ಎಣ್ಣೆ ಬಿಡುವ ಶಾಸ್ತ್ರಕ್ಕಾಗಿ ಪೆರ್ಡೂರಿನ ಮನೆಯಲ್ಲಿಯೇ ಇರಬೇಕಾಗಿತ್ತು. ಅವನು ಕೆಟ್ಟವನಾಗಿರಲಿಲ್ಲ. ಬರುವಾಗ ನನಗೆ ಪೇಟೆಯಿಂದ ಚಾಕಲೇಟು ತಂದಿದ್ದ, ನನ್ನ ಜಡೆ ಎಳೆದು 'ಎಂತ ಪೊಣ್ಣೆ, ಮಿಲಿಟರಿಗೆ ಸೇರುತ್ತೀಯಾ?' ಎಂದು ಕೇಳಿದ್ದ. ಹುಡುಗಿಯನ್ನು ನಮ್ಮಲ್ಲಿ ಹಾಗೆ ಕರೆಯುತ್ತಾರೆ. ನಡುವಿನ ದಿನ ಬೆಳಿಗ್ಗೆ ಮೂವರೂ ಕೋರೆಗೆ ಇಳಿದೆವು. ಅಪ್ಪ ಮೊದಲು ಮಣಿಪಾಲದ್ದರಿಂದ, ಬಳಿಕ ಕಾಪುವಿನದರಿಂದ ಹೊಡೆದರು. ಗೆರಟೆಗಳು ಒಡೆದವು, ತೆಂಗಿನ ನಾರಿನ ಧೂಳು ಎದ್ದಿತು. ಮಾಮನದಕ್ಕೆ ತೋಟೆ ತುಂಬಿಸಿದ ಮೇಲೆ ಅವರು ತಾವು ಹೊಡೆಯಲಿಲ್ಲ. ಅದನ್ನು ಸುಧೀರ ಬಾವನ ಕೈಗೆ ಕೊಟ್ಟು, ಅವನ ಹಿಂದೆ ನಿಂತು, ಅವನ ಭುಜಗಳನ್ನು ಹಿಡಿದು ಸರಿಯಾದ ದಿಕ್ಕಿಗೆ ತಿರುಗಿಸಿದರು. ಅವರು ನನ್ನ ಭುಜವನ್ನು ಎಂದೂ ಹಾಗೆ ಹಿಡಿದಿರಲಿಲ್ಲವೆಂಬುದು ಆ ಹೊತ್ತಿಗೆ ನನಗೆ ಹೊಳೆಯಿತು. ಅದರ ಬಗ್ಗೆ ನಾನು ಏನನ್ನೂ ಭಾವಿಸಿದ ನೆನಪಿಲ್ಲ.

ಮೊದಲನೆಯ ಗುಂಡು ಸರಿಯಾಗಿ ಹೋಯಿತು. ಎರಡನೆಯದಕ್ಕೆ ಶಬ್ದವೇ ಬರಲಿಲ್ಲ ಎನ್ನಬೇಕು. ಕುಕ್ಕರಿನ ತಲೆಯ ಮೇಲಿನ ಸೀಟಿ ಒಮ್ಮೆ ಎದ್ದು ಕುಳಿತಷ್ಟೇ ಸದ್ದು. ಗೆರಟೆ ಅಲುಗಲಿಲ್ಲ, ತೆಂಗಿನ ಕಾಂಡದಿಂದ ಧೂಳು ಏಳಲಿಲ್ಲ.

"ಮಾಮಾ, ಇದು ಹಸಿ ತೋಟೆ," ಎಂದ ಸುಧೀರ ಬಾವ. "ಮುಂದಿನದಕ್ಕೆ ಹೋಗುತ್ತೇನೆ."

ಅವನು ತೋಳನ್ನು ಪುನಃ ನೇರ ಮಾಡಿದ. ಅಪ್ಪನ ಕಿವಿಯಲ್ಲಿ ಹತ್ತಿ ಇತ್ತು, ನನ್ನದು ಜಾರಿ ಬಿದ್ದಿತ್ತು. ಸದ್ದಿನ ವ್ಯತ್ಯಾಸ ಅವರಿಗೆ ತಿಳಿದಿರಲಿಲ್ಲ. ನನಗೆ ತಿಳಿದಿದ್ದುದು ಒಂದೇ. ತೋಟೆ ಸದ್ದು ಮಾಡಿತು, ಗುಂಡು ಹೊರಗೆ ಬರಲಿಲ್ಲ, ಆದ್ದರಿಂದ ಅದು ಒಳಗೆ ಇದೆ. ನಾನು ಅಪ್ಪನ ತೋಳನ್ನು ಎರಡೂ ಕೈಗಳಿಂದ ಹಿಡಿದು ಎಳೆದೆ.

"ನಿಲ್ಲಿಸಲಿಕ್ಕೆ ಹೇಳಿ! ಗುಂಡು ಹೊರಗೆ ಬರಲಿಲ್ಲ!"

"ಹೆದರಿದಳು," ಎಂದು ಸುಧೀರ ಬಾವ ನಕ್ಕ. ಆದರೂ ಬೆರಳು ತೆಗೆದ.

ಅಪ್ಪ ಹತ್ತಿಯನ್ನು ಕಿತ್ತು, ರಿವಾಲ್ವರನ್ನು ಅವನ ಕೈಯಿಂದ ಎಚ್ಚರಿಕೆಯಿಂದ ತೆಗೆದುಕೊಂಡು, ಮಡಚಿ, ತೋಟೆಗಳನ್ನೆಲ್ಲ ಅಂಗೈಗೆ ಸುರಿದುಕೊಂಡರು. ಆರು ಮನೆಗಳನ್ನು ನನಗೆ ತೋರಿಸಿದರು. ನಾನು 'ಖಾಲಿ' ಎಂದೆ. ಆಮೇಲೆ ಅವರು ಅದನ್ನು ನನ್ನ ಕೈಗೆ ಕೊಟ್ಟರು. ನಾನು ನಳಿಗೆಯನ್ನು ಆಕಾಶಕ್ಕೆ ಹಿಡಿದೆ.

"ಬೆಳಕು ಕಾಣುತ್ತದಾ?"

"ಇಲ್ಲ."

"ಸರಿಯಾಗಿ ನೋಡು."

"ಇಲ್ಲ, ಅಪ್ಪಾ. ಕತ್ತಲೆ."

ಮತ್ತೊಂದು ಗುಂಡು ಹೋಗಿದ್ದರೆ ಮುಂದಿನ ದಾರಿ ಮುಚ್ಚಿದ್ದರಿಂದ ನಳಿಗೆಯೇ ಒಡೆಯುತ್ತಿತ್ತು, ಸುಧೀರ ಬಾವನ ಕೈಯಲ್ಲಿ. ಅವನು ಒಂದು ತೆಂಗಿನ ಕಾಂಡದ ಮೇಲೆ ಕುಳಿತು ತನ್ನ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. "ನನ್ನ ಕೈ ಉಳಿಯಿತು ಮಾರಾಯ್ತಿ," ಎಂದ ನನಗೆ. ನಗಲು ಪ್ರಯತ್ನಿಸಿದ. ಮನೆಗೆ ಮರಳುವಾಗ ಅಪ್ಪ ರಿವಾಲ್ವರನ್ನು ಹಿಡಿದುಕೊಂಡು ಮುಂದೆ ಹೋದರು, ಸುಧೀರ ಬಾವ ಅವರ ಪಕ್ಕದಲ್ಲಿ, ನಾನು ಒಡೆಯದೆ ಉಳಿದ ಗೆರಟೆಗಳ ಚೀಲದೊಂದಿಗೆ ಹಿಂದೆ. ತೋಟೆಗಳು ಯಾಕೆ ಹಾಗಾದವು ಎಂಬುದು ಕೆಲವು ದಿನಗಳ ನಂತರ ಉಡುಪಿಯ ಕೋವಿ ಅಂಗಡಿಯವರಿಂದ ತಿಳಿಯಿತು. ಡಬ್ಬಿ ಎಲ್ಲಿತ್ತೆಂದು ಕೇಳಿದ ಅವರು, 'ತೋಟೆಯನ್ನು ಹಲಸಿನ ಬೀಜದ ಹಾಗೆ ಹೊಗೆ ಹಾಕಿ ಇಟ್ಟಿರಾ ಮಾರಾಯ್ರೆ?' ಎಂದರಂತೆ. ವರ್ಷಗಟ್ಟಲೆ ಬಿಸಿ ತಾಗಿ ಒಳಗಿನ ಮದ್ದು ಸತ್ತುಹೋಗಿತ್ತು.

ಮರುದಿನ ಕೆಡ್ಡಸದ ಕೊನೆಯ ದಿನ. ಅಂದು ಭಾನುವಾರವೂ ಆಗಿತ್ತು. ಅಮ್ಮ ಬೆಳಿಗ್ಗೆ ತುಳಸಿಕಟ್ಟೆಯ ಹತ್ತಿರ ಸಗಣಿ ಸಾರಿಸಿ, ಎಲೆಗಳ ಮೇಲೆ ಅರಿಶಿನ, ಕುಂಕುಮ, ಬಾಚಣಿಗೆ ಇಟ್ಟು, ಭೂಮಿಗೆ ಸ್ನಾನದ ಎಣ್ಣೆ ಬಿಟ್ಟರು. ಹುರಿದ ಅಕ್ಕಿಹಿಟ್ಟಿಗೆ ಬೆಲ್ಲ, ಕಾಯಿ ಬೆರೆಸಿದ ನನ್ಯರಿಯನ್ನು ಮಾಡಿ ನನಗೆ ಎರಡು ಪಾಲು ಕೊಟ್ಟರು. ಕೋರೆಯ ಸಂಗತಿ ಅವರಿಗೆ ಸುಧೀರ ಬಾವನಿಂದ ತಿಳಿದಿತ್ತು. ಒಳಗೆ ಅಪ್ಪ ಮೇಜಿಗೆ ಪತ್ರಿಕೆ ಹಾಸಿದ್ದರು. ನಳಿಗೆಗೆ ಹಿಂದಿನ ದಿನವೇ ಎಣ್ಣೆ ಬಿಟ್ಟ ಕಾರಣ ಗುಂಡು ಸಡಿಲವಾಗಿತ್ತು. ಅವರು ಮರದ ಕೋಲಿನಿಂದ ಅದನ್ನು ಮೆಲ್ಲಗೆ ಬಡಿದು ಹೊರಗೆ ತಂದರು. ಅದು ಪತ್ರಿಕೆಯ ಮೇಲೆ ಬಿದ್ದು ಉರುಳಿತು. ನಳಿಗೆ ಮುಚ್ಚಿದ್ದರಿಂದ ಹಿಂದಿನ ದಿನ ನೀರು ಹೊಯ್ಯಲಾಗಿರಲಿಲ್ಲ. ನಾನು ಕುದಿಯುವ ನೀರಿನ ಕೆಟಲನ್ನು ಬಟ್ಟೆಯಲ್ಲಿ ಹಿಡಿದುಕೊಂಡು ಅಡುಗೆಮನೆಯಿಂದ ಬಂದೆ. ನನ್ನ ಕುರ್ಚಿಯಲ್ಲಿ ಸುಧೀರ ಬಾವ ಕುಳಿತಿದ್ದ. ಅಪ್ಪ ನಳಿಗೆಯನ್ನು ಒರೆಸಿ ಅವನಿಗೆ ಕೊಟ್ಟು, ಕಿಟಕಿಯ ಕಡೆಗೆ ಹಿಡಿಯುವಂತೆ ಕೈ ತೋರಿಸಿದರು.

"ಬೆಳಕು ಕಾಣುತ್ತದಾ?"

"ಕಾಣುತ್ತದೆ ಮಾಮಾ."

"ದುಂಡಗೆ ಉಂಟಾ?"

"ಹೌದು ಅಂತ ಕಾಣುತ್ತದೆ."

"ಕಾಣುತ್ತದೆ ಅಂದರೆ ಆಗುವುದಿಲ್ಲ. ನೋಡಿ ಹೇಳಬೇಕು. ಇನ್ನು ನೀನೇ ನೋಡಬೇಕಲ್ಲ."

ನಾನು ಕೆಟಲನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದೆ. ಅದು ಭಾರವಾಗಿತ್ತು. ಯಾರೂ ತಪ್ಪು ಮಾಡುತ್ತಿರಲಿಲ್ಲ, ವಸ್ತುವನ್ನು ಪಡೆಯಲಿರುವವನಿಗೆ ಕ್ರಮವನ್ನು ಕಲಿಸಲಾಗುತ್ತಿತ್ತು. ಆಗ ನನ್ನೊಳಗೆ ಏನೋ ಮುಚ್ಚಿಕೊಂಡಿತು. ಅದು ನೋವಲ್ಲ. ಬಹಳ ಹೊತ್ತು ಮಂಡಿಯೂರಿ ಕುಳಿತರೆ ಕಾಲು ಜೋಮು ಹಿಡಿಯುತ್ತದೆಯಲ್ಲ, ಅಂಥದು. ಮುಂದಿನ ವರ್ಷಗಳಲ್ಲಿ ಕೆಲಸದಲ್ಲಿಯೂ ಮನೆಯಲ್ಲಿಯೂ ನನಗೆ ಬರಬೇಕಾದದ್ದು ಇನ್ನೊಬ್ಬರಿಗೆ ಹೋದಾಗಲೆಲ್ಲ ನಾನು ಸದ್ದಿಲ್ಲದೆ ಒಪ್ಪಿಕೊಂಡದ್ದನ್ನು ಕೆಲವರು ತಾಳ್ಮೆ ಎಂದು ಹೊಗಳಿದ್ದಾರೆ. ಅದು ತಾಳ್ಮೆಯಲ್ಲವೆಂದು ಇಲ್ಲಿ ದಾಖಲಿಸಬಯಸುತ್ತೇನೆ.

ಊಟವಾದ ಮೇಲೆ ಸುಧೀರ ಬಾವ ಹೊರಡುವ ಮುನ್ನ ಅಪ್ಪ ಹೇಳಿದರು.

"ನಿನ್ನ ತಾಯಿಗೆ ಹೇಳು. ಮಾಮನದು ಮಾತ್ರ ಅಲ್ಲ. ಮೂರೂ ಅಲ್ಲಿಗೇ ಬರುತ್ತದೆ. ನಾಳೆ ಉಡುಪಿಗೆ ಹೋಗಿ ಕಾಗದ ಬದಲಿಸುತ್ತೇನೆ."

ಸುಧೀರ ಬಾವ ತಬ್ಬಿಬ್ಬಾದ. "ಅಮ್ಮ ಅದನ್ನು ಕೇಳಲಿಲ್ಲ ಮಾಮಾ."

"ಅವಳು ಕೇಳಲಿಲ್ಲ, ನಾನು ಕೊಡುತ್ತೇನೆ."

ಅಮ್ಮ ತಟ್ಟೆಗಳನ್ನು ಎತ್ತುತ್ತಿದ್ದವರು ನಿಂತರು. ಇಷ್ಟು ವರ್ಷ ಆ ರಿವಾಲ್ವರುಗಳನ್ನು ಮೇಜಿನಿಂದ ಇಳಿಸಲು ಜಗಳವಾಡಿದವರು ಅವರೇ.

"ಎರಡಾದರೂ ಇಲ್ಲಿ ಇರಲಿ," ಎಂದರು.

"ಎಂತಕ್ಕೆ? ನಿನಗೆ ಮೇಜು ಬೇಕಿತ್ತಲ್ಲ."

"ಮೇಜು ಹಾಳಾಗಿ ಹೋಗಲಿ. ಆ ಹುಡುಗಿ ನಿಮ್ಮ ಎದುರು ಕುಳಿತುಕೊಳ್ಳುವುದು ಬೇರೆ ಯಾವಾಗ? ನಿನ್ನೆ ಅವಳು ಇಲ್ಲದಿದ್ದರೆ ಇವನ ಕೈ ಎಲ್ಲಿರುತ್ತಿತ್ತು?"

ಅಪ್ಪ ನನ್ನ ಕಡೆ ನೋಡಿದರು. ಅವರಿಗೆ ಅಮ್ಮನ ಮಾತು ಅರ್ಥವಾಗಲಿಲ್ಲವೆಂದು ನಾನು ಹೇಳಲಾರೆ, ಅರ್ಥವಾಯಿತೆಂದೂ ಹೇಳಲಾರೆ.

"ಮೂರು ಒಟ್ಟಿಗೆ ಇದ್ದರೆ ಅದು ಸಂಗ್ರಹ," ಎಂದರು. "ಒಂದು ತೆಗೆದರೆ ಉಳಿದದ್ದು ಬರೀ ಸಾಮಾನು. ಬೇರೆ ಬೇರೆ ಮಾಡಲಿಕ್ಕೆ ನನ್ನಿಂದ ಆಗುವುದಿಲ್ಲ."

ಅಮ್ಮ ತಟ್ಟೆಗಳನ್ನು ಒಳಗೆ ಒಯ್ದರು. ಹೇಳಬೇಕಾದ ಇನ್ನೊಂದು ಅಂಶವಿದೆ. ಬಹಳ ವರ್ಷಗಳ ಬಳಿಕ ಒಬ್ಬರ ಬಳಿ ಎರಡಕ್ಕಿಂತ ಹೆಚ್ಚು ಆಯುಧಗಳಿರಬಾರದೆಂದು ನಿಯಮ ಬಂದಾಗ ಸುಧೀರ ಬಾವ ಕಾಪುವಿನದನ್ನು ಸರಕಾರಕ್ಕೆ ಒಪ್ಪಿಸಿದ. ಆಗ ಅಪ್ಪ ಇರಲಿಲ್ಲ. ಅವನು ಫೋನು ಮಾಡಿ ಇದನ್ನು ತಿಳಿಸಿದಾಗ ನಾನು 'ಆಗಲಿ' ಎಂದೆ.

ಕೆಡ್ಡಸ ಕಳೆದು ಕೆಲವು ವಾರಗಳಲ್ಲಿ ವರ್ಗಾವಣೆಯ ಅನುಮತಿ ಬಂದು, ಠಾಣೆಯವರು ನಂಬರುಗಳನ್ನು ತಾಳೆ ನೋಡಿ ಹೋದ ಮೇಲೆ ಮಾಮಿಯೂ ಸುಧೀರ ಬಾವನೂ ಬಾಡಿಗೆಯ ಜೀಪಿನಲ್ಲಿ ಬಂದರು. ಅಪ್ಪ ಮೂರನ್ನೂ ಹೊಸ ಬೈರಾಸುಗಳಲ್ಲಿ ಸುತ್ತಿ ಒಂದು ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಕೋಲು, ಎಣ್ಣೆಯ ಬಾಟಲಿ, ಬನಿಯನಿನ ತುಂಡುಗಳು, ಅವನ್ನೂ ಇಟ್ಟಿದ್ದರು. ಮಾಮಿ ನನ್ನ ಗಲ್ಲ ಹಿಡಿದು, 'ನಿನಗೆ ಬೇಕಾದಾಗ ಬಾ ಮಗಾ, ನೋಡಿಕೊಂಡು ಹೋಗು' ಎಂದರು. ನಾನು ಆಯಿತು ಎಂದೆ. ಜೀಪು ತಿರುವಿನಲ್ಲಿ ಮರೆಯಾದ ಮೇಲೆ ಅಪ್ಪ ಕೈ ತೊಳೆದುಕೊಂಡು ಕಾರ್ಖಾನೆಗೆ ಹೋದರು.

ನಂತರ ಬಂದ ಭಾನುವಾರ ಬೆಳಿಗ್ಗೆ ಅಪ್ಪ ಅಭ್ಯಾಸದಂತೆ ಮೇಜಿನ ಬಳಿ ಬಂದು ತಮ್ಮ ಕುರ್ಚಿಯಲ್ಲಿ ಕುಳಿತರು. ಪತ್ರಿಕೆ ಹಾಸಲಿಲ್ಲ. ಕೈಗಳನ್ನು ಮೇಜಿನ ಮೇಲೆ ಇಟ್ಟುಕೊಂಡರು. ಅವುಗಳಿಗೆ ಮಾಡಲು ಏನೂ ಇರಲಿಲ್ಲ. ನಾನು ಬಾಗಿಲಿನಲ್ಲಿ ಸ್ವಲ್ಪ ನಿಂತು, ಬಳಿಕ ಹೋಗಿ ಎದುರಿನ ಕುರ್ಚಿಯಲ್ಲಿ ಕುಳಿತೆ. ಒಳಗೆ ಅಮ್ಮ ಕಾಯಿ ತುರಿಯುವುದನ್ನು ನಿಲ್ಲಿಸಿದ್ದು ಕೇಳಿಸಿತು. ಅಪ್ಪ ಕಿಟಕಿಯನ್ನು ನೋಡಿದರು, ಮೇಜನ್ನು ನೋಡಿದರು, ಕೊನೆಗೆ ನನ್ನನ್ನು ನೋಡಿದರು.

"ನೀನು ಈಗ ಎಷ್ಟನೆಯ ಕ್ಲಾಸು?"

"ಆರು."

"ಹೌದಾ."

ಅವರು ಮುಂದಿನ ಪ್ರಶ್ನೆಯನ್ನು ಹುಡುಕುತ್ತಿದ್ದಾರೆ ಎಂಬುದು ನನಗೆ ತಿಳಿಯಿತು. ಅವರ ಹಣೆಯ ಮೇಲೆ ಬೆವರಿನ ಹನಿಗಳು ಮೂಡಿದ್ದವು. ಅವರಿಗೆ ಅನುಕೂಲವಾಗಲೆಂದು ನಾನೇ ನಮಗೆ ಕಲಿಸುವ ವಿಷಯಗಳ ಹೆಸರುಗಳನ್ನು ಒಂದೊಂದಾಗಿ ಹೇಳತೊಡಗಿದೆ. ಕನ್ನಡ, ಇಂಗ್ಲಿಷ್, ಹಿಂದಿ, ಗಣಿತ. ಅಪ್ಪ ಪ್ರತಿಯೊಂದಕ್ಕೂ ತಲೆಯಾಡಿಸಿದರು.